ಬಾಲ ಅರ್ಧವಿದ್ದ ಚಿರತೆ

ಇದನ್ನು ಬರೆಯಬೇಕೆಂದು ಎಷ್ಟು ಸಲ ಕುಳಿತು ಎದ್ದಿದ್ದೇನೋ. ಇಂಥ ಅನುಭವಗಳನ್ನು ಯಾರಾದರೂ ಹೇಳಿದರೆ ಮೂಗು ಮುರಿಯುತ್ತಿದ್ದವನು ನಾನು. ಎಸ್ಸೆಸ್ಸೆಲ್ಸಿ ಕಲಿತ ಸ್ಟೋರ್‌ಕೀಪರನ ಅಹಂಕಾರಕ್ಕೆ ತಳ ಇರುವುದಿಲ್ಲ.

ಮದುವೆಯಾದ ಹೊಸತರಲ್ಲಿ, ಆಫ್ರಿಕಾಕ್ಕೆ ಕರೆದೊಯ್ದು ಸಿಂಹ, ಚಿರತೆ ತೋರಿಸುತ್ತೇನೆಂದು ಹೆಂಡತಿಯ ಮುಂದೆ ಬಡಾಯಿ ಕೊಚ್ಚಿದ್ದೆ. ಹದಿನೈದು ವರ್ಷ ಕಳೆದು ನಾನು ಕೆಲಸಕ್ಕಿದ್ದ ಸೌದಿಯ ನಜ್ರಾನ್‌ಗೆ ಅವಳು ವಿಸಿಟ್ ವೀಸಾದಲ್ಲಿ ಬಂದಾಗ ತೋರಿಸಿದ್ದು ಅಬಹಾ ಘಾಟಿಯ ಕೋತಿಗಳನ್ನು. ಎಲ್ಲರಂತೆ ಕಾರಿನ ಕಿಟಕಿಯಿಂದ ಖುಬ್ಬೂಸ್ ರೊಟ್ಟಿ ಎಸೆಯುವುದೇ ನಮ್ಮ ಸಫಾರಿ.

ಮಧ್ಯಾಹ್ನದ ಹೊತ್ತು. ಅವಳು ತಟ್ಟನೆ ನನ್ನ ತೋಳು ಹಿಡಿದಳು.

“ಅಲ್ಲಿ ನೋಡಿ, ಬಂಡೆ ಮೇಲೆ ಚಿರತೆ! ಬಾಲ ಅರ್ಧವೇ ಉಂಟು.”

“ಎಂತ ಮಾರಾಯ್ತಿ, ಇಲ್ಲಿ ಎಲ್ಲಿಯ ಚಿರತೆ? ಕತ್ತೆ ಇರ್ಬೇಕು.”

“ಒಮ್ಮೆ ತಿರುಗಿ ನೋಡಿ ಸಾಕು. ಆಮೇಲೆ ಬೇಕಾದ್ರೆ ನಗಾಡಿ.”

ನಾನು ತಿರುಗಲಿಲ್ಲ. ನಕ್ಕೆ.

ಶುಕ್ರವಾರ ನಜ್ರಾನ್‌ನಲ್ಲಿದ್ದ ನಮ್ಮೂರಿನವರು ಬಿರಿಯಾನಿಗೆ ಸೇರಿದಾಗ ಅದನ್ನೇ ಅಭಿನಯಿಸಿ ತೋರಿಸಿದೆ. “ಅತ್ತಿಗೆ, ನಿಮ್ಮ ಚಿರತೆ ಹುಲ್ಲು ತಿಂತಿತ್ತಾ?” ಎಂದು ಒಬ್ಬ ಕೇಳಿದ. ಅವಳಿಗೆ ಚಿರತೆಯಕ್ಕ ಎಂದು ಹೆಸರಿಟ್ಟವನು ನಾನೇ. ಎಲ್ಲರೂ ಹಾಗೆಯೇ ಕರೆಯತೊಡಗಿದರು. ಅವಳು ಬಡಿಸುತ್ತಲೇ ಇದ್ದಳು. ಆಮೇಲೆ ನನಗೆ ಏನನ್ನೂ ತೋರಿಸಲಿಲ್ಲ. ಹಬ್ಬದ ಚಂದ್ರನನ್ನೂ ಒಬ್ಬಳೇ ನೋಡಿ ಒಳಗೆ ಬಂದಳು. ವೀಸಾ ಮುಗಿದು ಊರಿಗೆ ಹೋದಳು. ಎರಡು ವರ್ಷದ ನಂತರ ತೀರಿಕೊಂಡಾಗ ನಾನು ದಫನಕ್ಕೂ ತಲುಪಲಿಲ್ಲ.

ಕಳೆದ ವರ್ಷ, ಕೆಲಸ ಬಿಟ್ಟು ಎಕ್ಸಿಟ್ ಹೊಡೆಸಿ ಊರಿಗೆ ಮರಳುವ ವಾರ, ಘಾಟಿಯ ಅದೇ ತಿರುವಿಗೆ ಒಬ್ಬನೇ ಹೋದೆ. ಬಿಸಿಲಿತ್ತು. ಖುಬ್ಬೂಸ್ ಎಸೆದೆ. ಕಿತ್ತಾಡುತ್ತಿದ್ದ ಕೋತಿಗಳು ಒಮ್ಮೆಲೇ ಸುಮ್ಮನಾಗಿ, ರೊಟ್ಟಿ ಬಿಟ್ಟು ಓಡಿದವು. ಬಂಡೆಯ ಮೇಲೆ ಚಿರತೆ ಕುಳಿತಿತ್ತು. ಬಾಲ ಅರ್ಧವೇ ಇತ್ತು.

“ನೋಡು!” ಎನ್ನುತ್ತಾ ಪಕ್ಕದ ಸೀಟಿನತ್ತ ತಿರುಗಿದೆ. ಮತ್ತೆ ಅತ್ತ ನೋಡಿದಾಗ ಬರೀ ಬಂಡೆ.

ಘಾಟಿಯ ಕೆಳಗೆ ಚಾ ಅಂಗಡಿಯಲ್ಲಿದ್ದ ಮಂಜೇಶ್ವರದವನಿಗೆ ಹೇಳಿದೆ. “ಎಂತ ಇಕ್ಕಾ, ಕತ್ತೆ ಇರ್ಬೇಕು. ಕಣ್ಣು ಒಮ್ಮೆ ಡಾಕ್ಟ್ರಿಗೆ ತೋರಿಸಿ” ಎಂದು ನಕ್ಕ. ಆ ನಗು ನನಗೆ ಚೆನ್ನಾಗಿ ಗೊತ್ತು. ಎಷ್ಟು ಅಗ್ಗದ ನಗು ಅದು!

ಅವಳು ನೋಡಿ ಹದಿನೆಂಟು ವರ್ಷದ ಮೇಲೂ ಒಂದು ಚಿರತೆ ಅದೇ ಬಂಡೆಗೆ ಬರುತ್ತದೆಯೇ? ನನಗೆ ತಿಳಿಯದು. ನೋಡಿದೆ, ಅಷ್ಟೆ. ಅವಳು ಹೇಳಿದ್ದೂ ಅಷ್ಟೇ. ತಪ್ಪಾಯಿತು ಎನ್ನಲು ಈಗ ಅವಳಿಲ್ಲ. ಊರಿನಲ್ಲಿ ನನ್ನನ್ನು ಈಗಲೂ ಕೆಲವರು ಚಿರತೆಯಕ್ಕನ ಗಂಡ ಎನ್ನುತ್ತಾರೆ.

ಅವಳ ಹೆಸರು ಮೈಮೂನಾ.