ಚೀಟಿಯಲ್ಲಿ ಹದಿನಾರು ಕಿಲೋ

ಬೆಳಗಿನ ಐದು ಗಂಟೆ. ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯ ಗಾಜಿಗೆಲ್ಲ ಹಬೆ. ಐವತ್ತೊಂದರ ಹೆಂಗಸು ಹಿಂಡದ ಹೊದಿಕೆಗಳ ಗಂಟನ್ನು ಎದೆಗವಚಿಕೊಂಡು ಸ್ಟೂಲಿನ ಮೇಲೆ ಕೂರುತ್ತಾಳೆ, ಏಳುತ್ತಾಳೆ. ಎಂಟು ಸಲ. ಬಟ್ಟೆ ಮಡಿಸಲು ಇಂದೇ ಸೇರಿದ ಮುದುಕಿ ನಾನು; ತೆರೆದ ಬಾಯಿ ಮುಚ್ಚಿಲ್ಲ.

"ಕಸರತ್ತು, ಅಜ್ಜಿ. ಮೂರೇ ನಿಮಿಷ. ಮುಂದಿನ ಯಂತ್ರ ನಿಲ್ಲೋದ್ರೊಳಗೆ ಮುಗೀಬೇಕು," ಅನ್ನುತ್ತಾಳೆ, ಸೆರಗಿನಿಂದ ಕತ್ತು ಒರೆಸಿಕೊಂಡು.

ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ. ಹೋದ ವರ್ಷ ಅವರನ್ನು ಕುರ್ಚಿಗೆ ಕೂರಿಸುವಾಗ ಇವಳ ಮೊಣಕಾಲು ಕೈಕೊಟ್ಟು ಇಬ್ಬರೂ ನೆಲ ಕಂಡರು. ಇನ್ನೊಮ್ಮೆ ಬೀಳಿಸಿದರೆ ಅಮ್ಮನನ್ನು ವೃದ್ಧಾಶ್ರಮಕ್ಕೆ ಸೇರಿಸುವುದೇ ಸೈ ಎಂದಿದ್ದಾನೆ ಮೈದುನ. ಅಂದಿನಿಂದ ಪಕ್ಕದ ಮನೆಯವಳು ಬಂದು ಕೈಜೋಡಿಸುವ ತನಕ ಅತ್ತೆಗೆ ಹಾಸಿಗೆಯೇ ಗತಿ.

ಆಸ್ಪತ್ರೆಯ ವ್ಯಾಯಾಮದ ಡಾಕ್ಟರಮ್ಮನನ್ನು ಇವಳು ಮೆಟ್ಟಿಲ ಮೇಲೆ ತಡೆದು ಕೇಳಿದಳಂತೆ. ದಿನ ಬಿಟ್ಟು ದಿನ ಮಾಡು, ಸುಸ್ತಾಗುವ ಮೊದಲೇ ನಿಲ್ಲಿಸು, ಅತ್ತೆಯ ಕಾಲೂ ಸ್ವಲ್ಪ ಊರುತ್ತದೆ, ಮೂವತ್ತು ಕಿಲೋ ಹಿಡಿದು ಏಳಲು ಬಂದರೆ ಸಾಕು ಎಂದರಂತೆ ಅವರು.

"ನಾನು ಕೇಳ್ಬೇಕಲ್ಲ. ಮೊದಲ ವಾರ ದಿನಾ ಒಂದು ಗಂಟೆ ಮಾಡ್ದೆ. ನಾಲ್ಕನೇ ದಿನ ಅತ್ತೆನೇ ನನ್ನ ಎಬ್ಬಿಸಬೇಕಿತ್ತು."

ಆಮೇಲೆ ಬುದ್ಧಿ ಬಂತು. ವಾರಕ್ಕೆ ಮೂರು ದಿನ, ಕೆಲಸದ ನಡುನಡುವೆ ಮೂರು ಸಲ. ಹತ್ತು ತಿಂಗಳಾಯಿತು. ಗಂಟಿಗೆ ಕಟ್ಟಿದ ಚೀಟಿ ತೋರಿಸುತ್ತಾಳೆ: ಹದಿನಾರು. "ಇದರ ಮೇಲೆ ಒಂದು ಟವೆಲ್ ಹಾಕಿದ್ರೂ ಏಳೋಕಾಗಲ್ಲ. ಮೂವತ್ತು ನನ್ನ ಹಣೇಲಿ ಬರೆದಿಲ್ಲ ಬಿಡಿ."

ಬಾಗಿಲಲ್ಲಿ ಬಟ್ಟೆ ತೂಗುವವನು ತಲೆಯೆತ್ತುತ್ತಾನೆ. "ಅಕ್ಕಾ, ಆ ಚೀಟಿ ನಾನು ಬರೆದಿದ್ದು. ಒಗೆಯೋಕೆ ಮುಂಚೆ, ಒಣಗಿದ್ದಾಗ ತೂಗಿದ್ದು."

ಇಪ್ಪತ್ತು ವರ್ಷ ಒದ್ದೆ ಬಟ್ಟೆ ಹೊತ್ತವಳಿಗೆ ಇದು ಹೊಳೆದಿಲ್ಲವಲ್ಲ! ಅವನು ಗಂಟನ್ನು ತಕ್ಕಡಿಗೆ ಎಳೆದು ಹಾಕುತ್ತಾನೆ. ಮುಳ್ಳು ಮೂವತ್ತನ್ನು ದಾಟಿ ಮೂವತ್ತನಾಲ್ಕಕ್ಕೆ ನಿಲ್ಲುತ್ತದೆ. ಅವಳು ಮುಳ್ಳನ್ನು ನೋಡುತ್ತಾಳೆ, ತನ್ನ ಕೈಗಳನ್ನು ನೋಡುತ್ತಾಳೆ, ಸ್ಟೂಲಿನ ಮೇಲೆ ಕುಸಿಯುತ್ತಾಳೆ. "ಎಷ್ಟು ತಿಂಗಳಿಂದ ಅವರನ್ನ ಸುಮ್ನೆ ಮಲಗಿಸಿಬಿಟ್ಟೆ ನಾನು."

ಪಾಳಿ ಮುಗಿದ ಮೇಲೆ ಅವಳ ಜೊತೆ ನಾನೂ ಮನೆಗೆ ಹೋಗುತ್ತೇನೆ. ಅವಳು ಪಕ್ಕದ ಮನೆಯವಳನ್ನು ಕೂಗುವುದಿಲ್ಲ. ಕುರ್ಚಿಯನ್ನು ಮಂಚಕ್ಕೆ ಒತ್ತಿ ಇಡುತ್ತಾಳೆ, ಕಾಲು ಅಗಲಿಸಿ ನಿಂತು ಅತ್ತೆಯ ಬೆನ್ನಿಗೆ ಕೈ ಬಳಸುತ್ತಾಳೆ. ಅತ್ತೆ ಹೆದರಿ ಕಣ್ಣು ಬಿಗಿಯಾಗಿ ಮುಚ್ಚಿಕೊಳ್ಳುತ್ತಾರೆ. ಒಂದು ಉಸಿರು. ಅಷ್ಟೇ, ಅತ್ತೆ ಕುರ್ಚಿಯಲ್ಲಿ.

"ಅವಳೆಲ್ಲೇ, ಪಕ್ಕದ ಮನೆಯವಳು?"

"ಕರೀಲಿಲ್ಲ ಅತ್ತೆ."

ಅತ್ತೆ ಒಂದೊಂದೇ ಕಣ್ಣು ಬಿಡುತ್ತಾರೆ. ಮಂಚ ನೋಡುತ್ತಾರೆ, ಸೊಸೆಯನ್ನು ನೋಡುತ್ತಾರೆ.

"ಹಾಗಾದ್ರೆ ನಾಳೆ ಕಣ್ಣು ಮುಚ್ಚಲ್ಲ ಬಿಡು."