ಬರದಾಗ ಹೋದಳು

ಮಹಾದೇವಿಯವರೇ, ನಿಮ್ಮ ತಾಯಿಯ ತವರು ನನಗೆ ಸಿಕ್ಕಿತ್ತು. ಸಿಗಲಿಲ್ಲವೆಂದು ನಿಮಗೆ ಹೇಳಿದ್ದು ಸುಳ್ಳು.

ಉಮರ್ಗಾದ ನನ್ನ ಮನೆಗೆ ನೀವು ಮೊದಲ ಸಲ ಬಂದಾಗ ನಿಮಗೆ ತಿಳಿದಿದ್ದುದು ಇಷ್ಟೇ: ತಾಯಿಯ ಹೆಸರು ಸುಶೀಲಾಬಾಯಿ, ಮದುವೆ ನಿಲಂಗಾದಲ್ಲಿ, ಎಪ್ಪತ್ತೆರಡರ ಬರದ ವರ್ಷ. ತವರಿನ ಹೆಸರನ್ನು ಅವರು ಸಿಟ್ಟಿನಿಂದ ಒಮ್ಮೆಯೂ ಎತ್ತಿರಲಿಲ್ಲ. ಈಗ ಹೇಳಬೇಕೆಂದರೂ ಅವರಿಗೆ ನೆನಪು ಉಳಿದಿರಲಿಲ್ಲ.

“ಸರ, ಅವ್ವ ದಿನಾ ಕೇಳ್ತಾಳ್ರಿ, ಅಣ್ಣ ಬಂದ್ನೇನ, ಉಡಿ ತುಂಬಲಾಕ ಅಕ್ಕಿ ತಂದಾನೇನ ಅಂತ,” ಎಂದಿರಿ. ತವರಿನವರು ಬಂದು ಮಡಿಲು ತುಂಬುವ ಆ ಆಸೆಯೊಂದೇ ಅವರಲ್ಲಿ ಉಳಿದಿತ್ತು. ಆಮೇಲೆ ವಂಶಾವಳಿಯ ವಹಿಗಳು ತುಂಬಿದ ನನ್ನ ಕಪಾಟುಗಳನ್ನು ನೋಡಿ ನಕ್ಕಿರಿ: “ಮಂದಿ ಮುತ್ತ್ಯಾಗೋಳೆಲ್ಲಾ ಇಲ್ಲೇ ಕುಂತಾರಲ್ರಿ. ನಮ್ಮವ್ವ ಒಬ್ಬಾಕಿಗೇ ಜಾಗಾ ಇಲ್ಲೇನ್ರಿ?”

ನಿಲಂಗಾಕ್ಕೆ ಹೋದೆ. ಅಲ್ಲಿನ ಒಂದು ಮಠದ ಮದುವೆ ವಹಿಯಲ್ಲಿ ಆ ವರ್ಷದ ಮಾರ್ಗಶಿರದ ನಮೂದು — ವಧು ನೀಲಮ್ಮ, ಊರು ಉದಗೀರ, ತಂದೆಯ ಹೆಸರು. ಜೊತೆಗೆ, ಈ ಕಡೆಯ ರೂಢಿಯಂತೆ ಗಂಡನ ಮನೆಯವರು ಇಟ್ಟ ಹೊಸ ಹೆಸರು: ಸುಶೀಲಾ. ತಿಥಿಯನ್ನು ಹಳೆಯ ಪಂಚಾಂಗದೊಡನೆ ತಾಳೆ ನೋಡಿದೆ. ವಾರವೂ ಹೊಂದಿತು. ಆ ನೀಲಮ್ಮನನ್ನು ನಾನು ಆಗಲೇ ಕೊಂದಿದ್ದೆ.

ಉದಗೀರದ ಆ ಧಾನ್ಯ ವ್ಯಾಪಾರಿ ಮನೆತನದ ಇತಿಹಾಸ ಬರೆದವನು ನಾನೇ. ಗ್ರಂಥ ಅಚ್ಚಾಗಿತ್ತು, ಬಿಡುಗಡೆಗೆ ಎಂಟು ದಿನ. ವಂಶಾವಳಿ ಹೇಳುತ್ತ ಊರೂರು ತಿರುಗುವ ಹೆಳವರ ವಹಿಯಲ್ಲಿ ನೀಲಮ್ಮನ ಮುಂದೆ ಇದ್ದುದು ಎರಡೇ ಪದ: “ಬರದಾಗ ಹೋದಳು.” ಮನೆಯವರು ಒಪ್ಪದ ಮದುವೆಗಾಗಿ ಹೊಸ್ತಿಲು ದಾಟಿದ ಮಗಳನ್ನು ಅವರು ಹಾಗೆ ಬರೆಸಿದ್ದರು. ನಾನು “ಬರದಲ್ಲಿ ತೀರಿಕೊಂಡಳು” ಎಂದು ಮಾಡಿದೆ. ಪ್ರತಿ ಸಂಗತಿಯನ್ನೂ ಎರಡು ದಾಖಲೆಗಳಲ್ಲಿ ಪರಿಶೀಲಿಸಿದ್ದೇನೆಂಬ ಮುನ್ನುಡಿ ಬೇರೆ — ಆ ಸಾಲಿಗೆ ಎರಡನೆಯದು ಇರಲಿಲ್ಲ. ಆಕೆಯ ಅಣ್ಣನನ್ನು ಒಮ್ಮೆ ಕೇಳಿದ್ದರೆ...

ನೀವು ಮತ್ತೆ ಬಂದಿರಿ. ಮಠದ ವಹಿಯ ನಕಲು ಮೇಜಿನ ಮೇಲೆಯೇ ಇತ್ತು. ಅದರ ಮೇಲೆ ಅಂಗೈ ಊರಿದೆ. ನೀವು ನನ್ನ ಮುಖ ನೋಡುತ್ತಿದ್ದಿರಿ — ಕೈಯನ್ನಲ್ಲ.

“ಸಿಗಲಿಲ್ಲ, ತಾಯಿ.”

“ಇರ್ಲಿ ಬಿಡ್ರಿ ಸರ. ನೀವರೆ ಎಷ್ಟಂತ ತಿರುಗ್ತೀರಿ,” ಎಂದು ನನಗೇ ಸಮಾಧಾನ ಹೇಳಿ ಎದ್ದಿರಿ.

ಆಮೇಲೆ ಮರಣ ನೋಂದಣಿಯನ್ನೂ ನೋಡಿದೆ. ನನ್ನ ಆ ಮಾತಿಗೂ ನಿಮ್ಮ ತಾಯಿಯ ಸಾವಿಗೂ ನಡುವೆ ನೂರಾ ಹನ್ನೊಂದು ದಿನ. ಉದಗೀರ ಇಲ್ಲಿಂದ ಅರ್ಧ ದಿನದ ಬಸ್ ದಾರಿ. ಎಷ್ಟು ಸಲ ತಾಳೆ ನೋಡಿದರೂ —

ಆರು ವರ್ಷಗಳ ಮೇಲೆ, ಕಳೆದ ವಾರ, ಉದಗೀರಕ್ಕೆ ಹೋಗಿ ನಿಮ್ಮ ಸೋದರಮಾವ ಶಿವಲಿಂಗಪ್ಪನವರೆದುರು ಎಲ್ಲವನ್ನೂ ಹೇಳಿದೆ.

“ತೀರ್ಕೊಂಡಾಳ ಅಂತ ನಾ ಯಾವಾಗ ಹೇಳೀನ್ರಿ ಸರ? ಹೆಳವರ ಮುಂದ ಹೋಗ್ಯಾಳ ಅಂತಷ್ಟೇ ಬರಸೀವಿ. ಅಪ್ಪನ ಸಿಟ್ಟು ಅಪ್ಪನ ಸಂಗಾಟ ಹೋತು. ಇಂದರೆ ಬಂದಾಳು, ನಾಳೆರೆ ಬಂದಾಳು ಅಂತ ಹಾದಿ ನೋಡ್ತಿದ್ದೆ. ನೀವು ಓದಿದವರು, ಬರದೀರಂದ್ರ ಖರೇನೇ ಇರ್ಬೇಕಂತ... ಬಿಟ್ಟುಬಿಟ್ಟೆ.”

ಬಾಗಿಲವರೆಗೆ ಬಂದು ಕೇಳಿದರು: “ಆಕಿ ಮಗಳರೆ ನನ್ನ ಮುಂದ ಉಡಿ ಒಡ್ಡತಾಳೇನ್ರಿ?”

ಅದಕ್ಕೆ ಉತ್ತರಿಸುವ ಅಧಿಕಾರ ನನಗಿಲ್ಲ. ವಹಿಯ ನಕಲೂ ಅವರ ವಿಳಾಸವೂ ಈ ಪತ್ರದೊಂದಿಗಿವೆ. ನನ್ನ ಸಹಿಯ ತಿದ್ದುಪಡಿ ಮನೆತನದವರಿಗೆ ತಲುಪಿದೆ. ಗ್ರಂಥದ ನನ್ನ ಪ್ರತಿಯಲ್ಲಿ “ತೀರಿಕೊಂಡಳು” ಎಂಬುದನ್ನು ಹೊಡೆದುಹಾಕಿ “ಹೋದಳು” ಎಂದು ಬರೆದೆ. ಈಗ ಆ ಒಂದು ಪದ ಎರಡೂ ಅರ್ಥದಲ್ಲಿ ನಿಜ.