ಡ್ರೈವರಮ್ಮ ಮುಗಿಸಿದ ಹಳದಿ ಕಾರು

ಟನ್‌ಸ್ಟಾಲ್ ಪಟ್ಟಣದ ಸಾಲುಮನೆಗಳ ಹಿಂದಿನ ಓಣಿಗೆ ಇನ್ನೂ ಸರಿಯಾಗಿ ಬೆಳಕು ಬಿದ್ದಿಲ್ಲ. ಕೊನೆಯ ಗ್ಯಾರೇಜಿನ ಬಾಗಿಲು ಮಾತ್ರ ಅರ್ಧ ಮೇಲೆದ್ದಿದೆ. ಒಳಗೆ, ನೆಲಕ್ಕೆ ಹಾಸಿದ ರಟ್ಟಿನ ಮೇಲೆ ಲೊರೇನ್ ಟನಿಕ್ಲಿಫ್ ಅಂಗಾತ ಮಲಗಿದ್ದಾರೆ. ತಲೆ ಕಾರಿನ ಅಡಿಯಲ್ಲಿದೆ. ಬಸ್ ಕಂಪನಿಯ ನೀಲಿ ಪ್ಯಾಂಟು ತೊಟ್ಟ ಕಾಲುಗಳು ಹೊರಗೆ ಚಾಚಿವೆ. ಕಾರೆಂದರೆ ಸೊಂಟದೆತ್ತರಕ್ಕೂ ಬಾರದ ಕಾರು. ಬಾಗಿಲಿಲ್ಲ, ಚಾವಣಿಯಿಲ್ಲ. ಉದ್ದನೆಯ ಮೂತಿ, ಇಬ್ಬರು ಒತ್ತಿಕೊಂಡು ಕೂರುವಷ್ಟು ಜಾಗ. ಅರವತ್ತರ ದಶಕದ ರೇಸ್ ಕಾರೊಂದನ್ನು ನೋಡಿ, ಹಾಗೆಯೇ ಇರಬೇಕೆಂದು ಇದೇ ಗ್ಯಾರೇಜಿನಲ್ಲಿ ಕೊಳವೆಗೆ ಕೊಳವೆ ಬೆಸೆದು ಕಟ್ಟಿದ್ದು.

ಪಕ್ಕದಲ್ಲಿ, ಗುಜರಿಗೆ ಹೋಗಬೇಕಿದ್ದ ಬಸ್ ಸೀಟೊಂದರ ಮೇಲೆ ಅವರ ಗಂಡ ಕ್ಲೈವ್ ಕೂತಿದ್ದಾರೆ. ಒಂದು ಕೈಯಲ್ಲಿ ಟೀ, ಇನ್ನೊಂದರಲ್ಲಿ ಟಾರ್ಚು.

"ಟಾರ್ಚು ಈ ಕಡೆ ಹಿಡಿ."

"ಹಿಡಿದಿದೀನಲ್ಲ."

"ನನ್ನ ಕಾಲಿಗೆ ಹಿಡಿದಿದೀಯ. ಕಾಲಿಗೇನೂ ಟೆಸ್ಟ್ ಇಲ್ಲ ಇವತ್ತು."

ಕ್ಲೈವ್ ಟಾರ್ಚನ್ನು ಇತ್ತ ಸರಿಸುತ್ತಾರೆ. ಲೊರೇನ್ ಹೆಬ್ಬೆರಳಿನಿಂದ ಒಂದೊಂದೇ ಅಂಚನ್ನು ಸವರುತ್ತಾ ಹೋಗುತ್ತಾರೆ. ಎಲ್ಲಿಯೂ ಚೂಪು ಇರಬಾರದು. ಬೋಲ್ಟಿನ ತಲೆಗಳಿಗೆಲ್ಲ ಪ್ಲಾಸ್ಟಿಕ್ ಟೋಪಿ ಇರಬೇಕು. ಮನೆಯಲ್ಲಿ ಕಟ್ಟಿದ ಕಾರು ರಸ್ತೆಗಿಳಿಯುವ ಮೊದಲು ಸರಕಾರದ ಪರೀಕ್ಷಕರು ಅದನ್ನು ತಲೆಯಿಂದ ಬಾಲದವರೆಗೆ ತಡಕಿ ನೋಡುತ್ತಾರೆ. ಈ ಕಾರು ಒಮ್ಮೆ ಅವರ ಮುಂದೆ ನಿಂತು ನಪಾಸಾಗಿ ಬಂದಿದೆ. ಇಂದು ಎರಡನೇ ಸಲ.

"ಹೆದರಿಕೆ ಇದೆಯಾ?" ಕ್ಲೈವ್ ಕೇಳುತ್ತಾರೆ.

"ಇಲ್ಲ. ಹೋದ ಸಲ ಇತ್ತು. ಈ ಸಲ ಬರೀ ಹಟ."

ಊರಿನ ಬಹುಪಾಲು ಜನರಿಗೆ ಲೊರೇನ್ ಎಂದರೆ ಹ್ಯಾನ್ಲಿ ಕಡೆಗೆ ಹೋಗುವ ಬಸ್ಸಿನ ಸ್ಟಿಯರಿಂಗ್ ಹಿಂದಿರುವ ನರೆಗೂದಲ ಹೆಂಗಸು, ಅಷ್ಟೇ. ಬೆಳಗಿನ ಪಾಳಿಯಲ್ಲಿ ಆಸ್ಪತ್ರೆಯ ದಾದಿಯರು, ಮಧ್ಯಾಹ್ನ ಶಾಲೆಯ ಮಕ್ಕಳು, ಶನಿವಾರ ಫುಟ್‌ಬಾಲ್ ಸೋತು ಬಂದ ಗಂಡಸರು. ಎಲ್ಲರೂ ಹತ್ತುತ್ತಾರೆ, ಇಳಿಯುತ್ತಾರೆ. ವಯಸ್ಸಾದವರೊಬ್ಬರು ಸೀಟು ಹಿಡಿದು ಕೂರುವ ತನಕ ಆಕೆ ಬಸ್ಸು ಎತ್ತುವುದಿಲ್ಲ ಎಂಬುದನ್ನು ಗಮನಿಸಿದವರು ಕಡಿಮೆ. "ಗಮನಿಸಬಾರದು ಕೂಡ," ಎನ್ನುತ್ತಾರೆ ಆಕೆ. "ಡ್ರೈವರ್ ಇದಾಳೆ ಅಂತ ನೆನಪಾದ್ರೆ ಎಲ್ಲೋ ಬ್ರೇಕ್ ಜೋರಾಗಿ ಹಾಕಿದೀನಿ ಅಂತ ಅರ್ಥ."

ಮೊದಲು ಗಂಡ ಹೆಂಡತಿ ಇಬ್ಬರೂ ಒಂದೇ ಪಿಂಗಾಣಿ ಕಾರ್ಖಾನೆಯಲ್ಲಿದ್ದರು. ಕ್ಲೈವ್ ಭಟ್ಟಿಯಲ್ಲಿ, ಲೊರೇನ್ ಕಪ್ಪುಗಳ ಅಂಚಿಗೆ ಚಿನ್ನದ ಗೆರೆ ಎಳೆಯುವ ಮೇಜಿನಲ್ಲಿ. ಕಪ್ಪು ಇಟ್ಟ ಗಾಲಿ ತಿರುಗುತ್ತದೆ, ಕುಂಚ ನಿಂತಲ್ಲೇ ನಿಲ್ಲಬೇಕು. "ಉಸಿರು ಬಿಟ್ರೆ ಗೆರೆ ಸೊಟ್ಟ. ಹಂಗಾಗಿ ಉಸಿರು ಹಿಡಿಯೋದು ಕಲಿತೆ. ಈ ಮನುಷ್ಯನ ಜೊತೆ ಬಾಳೋಕೂ ಅದು ಉಪಯೋಗಕ್ಕೆ ಬಂತು." ಕಾರ್ಖಾನೆ ಬಾಗಿಲು ಹಾಕಿದ ಮೇಲೆ ಕ್ಲೈವ್ ಸಾಮಾನು ಹಂಚುವ ವ್ಯಾನು ಓಡಿಸಲು ಹತ್ತಿದರು, ಲೊರೇನ್ ಬಸ್ಸು. ಅದೇ ಚಳಿಗಾಲ ಕ್ಲೈವ್ ಗ್ಯಾರೇಜಿನ ನೆಲದ ಮೇಲೆ ಸೀಮೆಸುಣ್ಣದಿಂದ ಕಾರಿನ ಚಿತ್ರ ಬರೆದರು. ಗುಜರಿಯಿಂದ ಹಳೆಯ ಮನೆಬಳಕೆಯ ಕಾರೊಂದರ ಎಂಜಿನ್ ತಂದರು. ಭಾನುವಾರಗಳು ಗ್ಯಾರೇಜಿಗೆ ಹೋದವು. ಲೊರೇನ್ ಆಗ ಅತ್ತ ಸುಳಿಯುತ್ತಿದ್ದುದು ಊಟಕ್ಕೆ ಕರೆಯಲು ಮಾತ್ರ.

ಆಮೇಲೆ ಕ್ಲೈವ್‌ಗೆ ರಸ್ತೆಯ ಫಲಕಗಳ ಮೇಲೆ ನಡುವಿನ ಅಕ್ಷರ ಕಾಣದಾಯಿತು. ಕನ್ನಡಕದ ದೋಷವೆಂದುಕೊಂಡರು. ಕಣ್ಣಿನ ಡಾಕ್ಟರು ಬೇರೆಯೇ ಹೇಳಿದರು: ದೃಷ್ಟಿಯ ನಡುಭಾಗ ಅಳಿಸಿಹೋಗುತ್ತಿದೆ, ಅಂಚು ಉಳಿದಿದೆ, ಅದೂ ಎಷ್ಟು ಕಾಲವೆಂದು ಹೇಳಲಾಗದು. ಈಗ ಎದುರಿಗಿದ್ದವರನ್ನು ನೋಡಬೇಕೆಂದರೆ ಕ್ಲೈವ್ ಮುಖವನ್ನು ಪಕ್ಕಕ್ಕೆ ತಿರುಗಿಸುತ್ತಾರೆ. ಗೊತ್ತಿಲ್ಲದವರು ಸಿಟ್ಟು ಮಾಡಿಕೊಂಡರೆಂದು ತಿಳಿಯುತ್ತಾರೆ. ವ್ಯಾನು ಓಡಿಸುವುದನ್ನು ಬಿಟ್ಟರು. ಬೆಸುಗೆಯ ಸಲಕರಣೆಯನ್ನೂ ಬಿಟ್ಟರು. ಅರ್ಧ ಕಟ್ಟಿದ ಕಾರಿನ ಮೇಲೆ ಹಳೆಯ ಪರದೆ ಹೊದಿಸಿದರು.

"ಮಾರಿಬಿಡೋಣ ಅಂತ ಅವನೇ ಹೇಳಿದ್ದು. ನಾನೂ ಹೂಂ ಅಂದಿದ್ದೆ," ಎಂದು ಲೊರೇನ್ ನೆನೆಯುತ್ತಾರೆ. ಕಾರು ಕಟ್ಟುವವರ ಸಂಘದ ಗೆಳೆಯ ನಾರ್ಮನ್ ಬ್ಲೂರ್ ಒಬ್ಬ ಗಿರಾಕಿಯನ್ನು ಕರೆತಂದರು. ಆತ ಪರದೆ ಎತ್ತಿದ, ಸುತ್ತ ಬಂದ, ಬೆಸುಗೆ ತಟ್ಟಿ ಮೆಚ್ಚಿದ. ಲೊರೇನ್ ಟೀ ಹಿಡಿದು ನಿಂತಿದ್ದರು. "ದೊಡ್ಡ ಕೆಲಸ ಎಲ್ಲ ಮುಗಿದಿದೆ, ಬೇಸಿಗೆಗೆ ರಸ್ತೆ ಮೇಲೆ ಇರುತ್ತೆ," ಎಂದ ಗಿರಾಕಿ. ಆ ಮಾತು ಕೇಳಿ ಕ್ಲೈವ್ ಗೋಡೆಯ ಕಡೆ ತಿರುಗಿದರು. ಆಗ ಅವರು ತನ್ನನ್ನು ನೋಡುತ್ತಿದ್ದಾರೋ, ಯಾರನ್ನೂ ನೋಡಲಾಗದೆ ತಿರುಗಿದರೋ ಎಂದು ಲೊರೇನ್‌ಗೆ ತಿಳಿಯಲಿಲ್ಲ.

"ಮಾರಲ್ಲ," ಎಂದರು ಆಕೆ.

"ಯಾಕಮ್ಮಾ, ಈಗ ತಾನೇ ಮಾರ್ತೀವಿ ಅಂದ್ರಲ್ಲ?"

"ಬೇಸಿಗೆಗೆ ರಸ್ತೆ ಮೇಲೆ ಇರುತ್ತೆ ಅಂತ ನೀವೇ ಹೇಳಿದ್ರಿ. ಹಂಗಿದ್ರೆ ನಾವೇ ಇಳಿಸ್ತೀವಿ. ಟೀ ಕುಡಿದು ಹೋಗಿ."

ಬೇಸಿಗೆ ಬಂತು, ಹೋಯಿತು. ದೊಡ್ಡ ಕೆಲಸ ಮುಗಿದಿದೆ ಎಂದವನ ಮಾತು ಎಷ್ಟು ಸುಳ್ಳೆಂದು ಲೊರೇನ್‌ಗೆ ಆಗ ಗೊತ್ತಾಯಿತು. ದೀಪಗಳು, ತಂತಿಗಳು, ಬ್ರೇಕಿನ ಕೊಳವೆಗಳು, ಸೀಟು ಬೆಲ್ಟು, ಕನ್ನಡಿ. ಮುಗಿಸುವ ಕೆಲಸಕ್ಕೆ ಮುಗಿತಾಯವೇ ಇಲ್ಲ. ಬಸ್ಸು ಓಡಿಸಿ ಗೊತ್ತೇ ಹೊರತು ಸ್ಪ್ಯಾನರ್ ಹಿಡಿದು ಗೊತ್ತಿರಲಿಲ್ಲ. ಕ್ಲೈವ್ ಬಾಯಲ್ಲಿ ಹೇಳುತ್ತಾರೆ, ಇವರು ಕೈಯಲ್ಲಿ ಮಾಡುತ್ತಾರೆ. "ಎಡಕ್ಕೆ" ಎಂದರೆ ಯಾರ ಎಡ ಎಂಬುದಕ್ಕೇ ಜಗಳ. ಒಮ್ಮೆ ತಂತಿ ಅದಲುಬದಲಾಗಿ, ಬ್ರೇಕು ಒತ್ತಿದಾಗಲೆಲ್ಲ ಹಾರ್ನು ಹೊಡೆದುಕೊಂಡಿತು. "ಒಳ್ಳೇದೇ ಆಯ್ತಲ್ಲ ಡ್ರೈವರಮ್ಮ," ಎಂದರಂತೆ ಕ್ಲೈವ್, "ನಿಲ್ತಾ ಇದೀವಿ ಅಂತ ಊರಿಗೆಲ್ಲ ಗೊತ್ತಾಗುತ್ತೆ." ಓಣಿಯವರು ಕಿಟಕಿ ತೆರೆದು ನೋಡುವಷ್ಟು ಹೊತ್ತು ಇಬ್ಬರೂ ನಕ್ಕರು.

ಬಣ್ಣದ ವಿಷಯಕ್ಕೆ ಮಾತ್ರ ನಗಲಿಲ್ಲ. ಇಂಥ ಕಾರಿಗೆ ಕಡುಹಸಿರೇ ಬಳಿಯುವುದು ರೂಢಿ. ಕ್ಲೈವ್ ಮೊದಲ ದಿನವೇ ಹಸಿರು ಡಬ್ಬಿ ತಂದಿಟ್ಟಿದ್ದರು. ಲೊರೇನ್ ಎರಡು ತಗಡಿನ ಚೂರುಗಳಿಗೆ ಬೇರೆ ಬೇರೆ ಬಣ್ಣ ಬಳಿದು ಅಂಗಳದಲ್ಲಿಟ್ಟು, ಯಾವುದು ಕಾಣುತ್ತದೆಂದು ಅವರನ್ನೇ ಕೇಳಿದರು. ಹಸಿರು ಹುಲ್ಲಿನಲ್ಲಿ ಕಳೆದುಹೋಯಿತು. ಹಳದಿ ಕಂಡಿತು.

"ಸಾಸಿವೆ ಡಬ್ಬಿ ಅಂತಾರೆ ಸಂಘದವರು," ಎಂದು ಅಂಗಡಿಯ ಹಳದಿ ಸಾಸಿವೆ ಗೊಜ್ಜಿನ ಡಬ್ಬಿ ನೆನೆದು ಕ್ಲೈವ್ ಗೊಣಗಿದರು.

"ಅನ್ನಲಿ. ಅವರು ನೋಡಲಿ ಅಂತ ಬಳಿತಾ ಇಲ್ಲ ನಾನು."

ಮೊದಲ ಪರೀಕ್ಷೆಗೆ ನಾರ್ಮನ್ ತಮ್ಮ ವ್ಯಾನಿನ ಹಿಂದೆ ಟ್ರೇಲರ್ ಕಟ್ಟಿ ಕಾರನ್ನು ಒಯ್ದರು. ಪರೀಕ್ಷಕರು ಸೌಜನ್ಯದ ಮನುಷ್ಯ. ಮಧ್ಯಾಹ್ನದವರೆಗೂ ನೋಡಿದರು, ಓಡಿಸಿದರು. ಡ್ಯಾಶ್‌ಬೋರ್ಡಿನಡಿ ಒಂದು ಚೂಪು ಪಟ್ಟಿ ಸಿಕ್ಕಿತು. ಅದು ಸಣ್ಣದು. ಸ್ಟಿಯರಿಂಗ್ ಸಣ್ಣದಲ್ಲ. ತಿರುವು ತೆಗೆದುಕೊಂಡು ಕೈ ಸಡಿಲಿಸಿದರೆ ಸ್ಟಿಯರಿಂಗ್ ತಾನಾಗಿ ನೇರಕ್ಕೆ ಮರಳಬೇಕು. ಇದು ತಿರುಗಿದಲ್ಲೇ ನಿಂತಿತ್ತು.

ಮೂವರೂ ವ್ಯಾನು ಹತ್ತಿ ಮರಳಿದರು. ಊರು ಹತ್ತಿರ ಬಂದಾಗ ಕ್ಲೈವ್ ಮೆಲ್ಲಗೆ ಹೇಳಿದರು, "ಸ್ಟಿಯರಿಂಗ್ ಸೋಮಾರಿ ಅಂತ ನಂಗೆ ಗೊತ್ತಿತ್ತು."

"ಏನಂದೆ?"

"ಓಣಿಯಲ್ಲಿ ತಳ್ಳಿದಾಗಲೇ ಕೈಗೆ ಗೊತ್ತಾಗಿತ್ತು. ನೀನು ಅಷ್ಟು ದುಡಿದಿದ್ದೆ. ಮತ್ತೆ ಬಿಚ್ಚು ಅನ್ನೋಕೆ ಮನಸ್ಸಾಗಲಿಲ್ಲ."

ನಾರ್ಮನ್‌ಗೆ ವ್ಯಾನು ನಿಲ್ಲಿಸಲು ಹೇಳಿ ಲೊರೇನ್ ಕೆಳಗಿಳಿದರು. ರಸ್ತೆ ಪಕ್ಕದಲ್ಲಿ ಸ್ವಲ್ಪ ದೂರ ನಡೆದು ಹೋಗಿ ಮರಳಿ ಬಂದು, ಕಿಟಕಿಯ ಬಳಿ ನಿಂತರು.

"ಕೇಳಿಲ್ಲಿ. ನನಗೆ ಬೇಜಾರಾಗದೆ ಇರಲಿ ಅಂತ ನಿನ್ನ ಆ ಸೀಟಿನ ಮೇಲೆ ಕೂರಿಸಿಲ್ಲ. ನಿನ್ನ ಕೈಗೆ ಗೊತ್ತಾಗಿದ್ದನ್ನ ಬಾಯಿ ಬಿಟ್ಟು ಹೇಳಲಿ ಅಂತ ಕೂರಿಸಿದೀನಿ. ಕಣ್ಣು ಹೋದ್ರೆ ನಾನಿದೀನಿ. ಬಾಯಿನೂ ಹೋದ್ರೆ ನಾನೊಬ್ಬಳೇ ಏನು ಮಾಡಲಿ?"

"ಬೈದಿದ್ದಲ್ಲ ಅದು," ಎನ್ನುತ್ತಾರೆ ಈಗ ಕ್ಲೈವ್. "ಬೈದಿದ್ರೆ ವಾಸಿಯಿತ್ತು. ಕಣ್ಣು ಕೆಟ್ಟಾಗಿಂದ ಎಲ್ಲರೂ ನನ್ನ ಹತ್ತಿರ ಮೆತ್ತಗೆ ಮಾತಾಡ್ತಿದ್ರು. ಕೆಲಸ ಇದೆ ನಿನಗೆ ಅಂತ ಹೇಳಿದವಳು ಅವಳೊಬ್ಬಳೇ."

ಮಾರನೆಯ ಬೆಳಿಗ್ಗೆ ಅವರು ಮುಂದಿನ ಚಕ್ರ ಬಿಚ್ಚಿದರು. ಸ್ಟಿಯರಿಂಗ್ ತಾನಾಗಿ ಮರಳಬೇಕಾದರೆ ಚಕ್ರ ಹಿಡಿದಿರುವ ಮೇಲಿನ ತೋಳನ್ನು ಕೊಂಚ ಹಿಂದಕ್ಕೆ ಸರಿಸಬೇಕಿತ್ತು. ಹಿಂದಿದ್ದ ವಾಷರುಗಳನ್ನು ಮುಂದಕ್ಕೆ ಹಾಕುವ ಕೆಲಸ. ಕೇಳಲು ಸುಲಭ. ಒಂದು ಬದಿ ಸರಿಯಾದರೆ ಇನ್ನೊಂದು ಮುನಿಯುತ್ತದೆ. ಪಾಳಿಗೆ ಮುಂಚೆ ಬೆಳಗಿನ ಹೊತ್ತು ಬಿಚ್ಚುವುದು, ಸೇರಿಸುವುದು. ಬಸ್ ಡಿಪೊದ ಮ್ಯಾನೇಜರು ಭಾನುವಾರ ಖಾಲಿ ಅಂಗಳ ಬಿಟ್ಟುಕೊಟ್ಟರು. ಅಲ್ಲಿ ಲೊರೇನ್ ನಿಧಾನವಾಗಿ ಸುತ್ತು ಹೊಡೆದು ಸ್ಟಿಯರಿಂಗ್ ಬಿಡುವರು. ಪಕ್ಕದಲ್ಲಿ ಕೂತ ಕ್ಲೈವ್ ಅದರ ಅಂಚಿಗೆ ಅಂಗೈ ತಾಗಿಸಿ, ಎಷ್ಟು ಮರಳಿತೆಂದು ಹೇಳುವರು.

"ಇನ್ನೂ ಸೋಮಾರಿ."

"ಸ್ವಲ್ಪನೂ ವಾಸಿಯಾಗಿಲ್ವಾ?"

"ಬಾಯಿ ಬಿಟ್ಟು ಹೇಳು ಅಂದವಳು ನೀನೇ. ಸೋಮಾರಿ. ಬಿಚ್ಚು."

ಬಿಚ್ಚಿದರು. ಹೊರಗೆ ಮಳೆಯಿದ್ದರೂ ಬಿಚ್ಚಿದರು. ಆ ನಡುವೆ ಕಣ್ಣಾಸ್ಪತ್ರೆಗೆ ಹೋಗಿ ಬಂದ ದಿನ ಸುದ್ದಿ ಒಳ್ಳೆಯದಿರಲಿಲ್ಲ. ಎಡಗಣ್ಣಿನ ಅಂಚೂ ಮಸುಕಾಗುತ್ತಿತ್ತು. ಮನೆಗೆ ಬಂದವರು ಒಳಗೆ ಚೀಸ್ ಇಟ್ಟು ಸುತ್ತಿದ, ದೋಸೆಯಂಥ ಓಟ್‌ಕೇಕ್ ತಿಂದು ಗ್ಯಾರೇಜಿಗೆ ನಡೆದರು. ಕೊನೆಗೊಂದು ಭಾನುವಾರ ಡಿಪೊದ ಅಂಗಳದಲ್ಲಿ ಸ್ಟಿಯರಿಂಗ್ ಕ್ಲೈವ್‌ರ ಅಂಗೈಯಡಿ ಜಾರಿ, ನಡುವಿಗೆ ಬಂದು ನಿಂತಿತು. ಇನ್ನೊಂದು ಸುತ್ತು ಎಂದು ಅವರು ಬೆರಳಲ್ಲಿ ತೋರಿಸಿದರು. ಮತ್ತೆ ಬಂದು ನಿಂತಿತು.

"ಎದ್ದಿತು ನೋಡು," ಎಂದರು.

ಹೀಗೆ ಎದ್ದ ಕಾರು ಈಗ, ಈ ಬೆಳಿಗ್ಗೆ, ಟ್ರೇಲರಿನ ಮೇಲೆ ಏರುತ್ತಿದೆ. ನಾರ್ಮನ್ ಪಟ್ಟಿ ಬಿಗಿಯುತ್ತಾರೆ. ಲೊರೇನ್ ಇನ್ನೊಮ್ಮೆ ಬಿಗಿಯುತ್ತಾರೆ. ಪರೀಕ್ಷಾ ಕೇಂದ್ರದಲ್ಲಿ ಅದೇ ಸೌಜನ್ಯದ ಪರೀಕ್ಷಕರು, ಅದೇ ಕಾಯುವ ಕೋಣೆ. ಕ್ಲೈವ್ ವ್ಯಾನಿನಲ್ಲೇ ಕೂರುತ್ತಾರೆ. ಒಳಗೆ ಕೂತರೆ ಹೆಂಡತಿಯ ಉಸಿರು ಲೆಕ್ಕ ಹಾಕುತ್ತಾ ಇರಬೇಕಾಗುತ್ತದಂತೆ. ಅಂಗಳದ ಆಚೆ ಹಳದಿ ಕಾರು ಸುತ್ತು ಹೊಡೆಯುವುದು ಲೊರೇನ್‌ಗೆ ಗಾಜಿನ ಮೂಲಕ ಕಾಣುತ್ತದೆ. ಪರೀಕ್ಷಕರು ಕೈ ಬಿಡುತ್ತಾರೆ. ಕಾರು ನೇರವಾಗುತ್ತದೆ.

ಬಂದವರು ಹೇಳಿದ್ದಿಷ್ಟೇ: "ಪಾಸಾಗಿದೆ ಕಣಮ್ಮ. ಚೆನ್ನಾಗಿ ಓಡುತ್ತೆ."

ಲೊರೇನ್ ವ್ಯಾನಿನ ಬಳಿ ಬಂದು ಬಾಗಿಲು ತೆಗೆಯುತ್ತಾರೆ. "ಆಯ್ತು."

"ಏನಾಯ್ತು?"

"ಪಾಸಾಯ್ತು, ಮುದುಕಪ್ಪ. ಇನ್ನೇನಾಗುತ್ತೆ?"

ಕ್ಲೈವ್ ಆಕೆಯ ಕೈ ಹುಡುಕಿ ಹಿಡಿದುಕೊಳ್ಳುತ್ತಾರೆ. ಮೂವರಲ್ಲಿ ಅಳು ಬರುವುದು ನಾರ್ಮನ್‌ಗೆ. ಸಾಸಿವೆ ಡಬ್ಬಿ ಎಂದು ಸಂಘದಲ್ಲಿ ಮೊದಲು ಅಂದವರೂ ಅವರೇ.

ನೋಂದಣಿ ನಂಬರು ಬಂದ ಮೇಲಿನ ಮೊದಲ ಭಾನುವಾರ ಲೊರೇನ್ ಕಾರನ್ನು ಲೀಕ್ ಪೇಟೆ ದಾಟಿಸಿ ಬೋಳುಗುಡ್ಡದ ರಸ್ತೆಗೆ ಹತ್ತಿಸುತ್ತಾರೆ. ಗಾಳಿ ಮುಖಕ್ಕೆ ಹೊಡೆಯುತ್ತದೆ, ಮಾತು ಕೇಳಿಸುವುದಿಲ್ಲ. ಗುಡ್ಡದ ನೆತ್ತಿಯಲ್ಲಿ ಕ್ಲೈವ್ ಆಕೆಯ ಮಂಡಿ ತಟ್ಟಿ ನಿಲ್ಲಿಸಲು ಹೇಳುತ್ತಾರೆ.

"ನನ್ನ ಇಲ್ಲಿ ಇಳಿಸು. ನೀನು ಆ ಕಡೆ ಹೋಗಿ, ತಿರುಗಿಸಿಕೊಂಡು ಬಾ."

"ಯಾಕೆ?"

"ಒಳಗೆ ಕೂತ್ರೆ ಕಾರು ಎಲ್ಲಿ ಕಾಣುತ್ತೆ? ಓಡೋದನ್ನ ನೋಡಬೇಕು."

ಕಲ್ಲುಗೋಡೆಗೆ ಒರಗಿ, ಮುಖವನ್ನು ಪಕ್ಕದಲ್ಲಿ ಮೇಯುವ ಕುರಿಗಳ ಕಡೆ ತಿರುಗಿಸಿ ಅವರು ನಿಲ್ಲುತ್ತಾರೆ. ಕಂದು ಗುಡ್ಡ, ಬೂದು ರಸ್ತೆ, ಅದರ ಮೇಲೆ ಹಳದಿ. ಲೊರೇನ್ ಗೇರು ಬದಲಿಸಿ ಅವರ ಪಕ್ಕದಲ್ಲೇ ಹಾದುಹೋಗುತ್ತಾರೆ. ಕನ್ನಡಿಯಲ್ಲಿ ನೋಡಿದರೆ ಕ್ಲೈವ್ ಕೈ ಎತ್ತಿ ನಿಂತಿದ್ದಾರೆ. ಕಾರು ದಾಟಿ ಎಷ್ಟು ಹೊತ್ತಾದರೂ ಇಳಿಸಿಲ್ಲ. ಆಕೆ ತಿರುಗಿಸಿಕೊಂಡು ಬರುತ್ತಾರೆ, ಮತ್ತೆ ಹಾದುಹೋಗುತ್ತಾರೆ. ಸಾಕೆಂದು ಅವರು ಹೇಳುವುದಿಲ್ಲ, ಇವರು ಕೇಳುವುದೂ ಇಲ್ಲ.

ಈಗ ನಾರ್ಮನ್ ಹೊಸ ಸುದ್ದಿ ತಂದಿದ್ದಾರೆ. ಪಕ್ಕದೂರಿನಲ್ಲಿ ಯಾರದೋ ಗ್ಯಾರೇಜಿನಲ್ಲಿ ಇಂಥದ್ದೇ ಒಂದು ಕಾರು ಅರ್ಧಕ್ಕೆ ನಿಂತಿದೆಯಂತೆ, ಲೊರೇನ್ ಮುಗಿಸಿಕೊಡುತ್ತಾರಾ ಎಂದು ಕೇಳಿದ್ದಾರಂತೆ. ಅಡುಗೆಮನೆಯಲ್ಲಿ ಕೂತು ಆಕೆ ಬಸ್ಸಿನ ಪಾಳಿಗೆ ಬೂಟು ಕಟ್ಟುತ್ತಿದ್ದಾರೆ. ಉಗುರುಗಳ ಸಂದಿಯ ಗ್ರೀಸು ಇನ್ನೂ ಹೋಗಿಲ್ಲ.

"ಚಳಿಗಾಲದಲ್ಲಿ ಬಂದು ನೋಡ್ತೀನಿ ಅಂತ ಹೇಳು," ಎನ್ನುತ್ತಾರೆ. "ಈಗ ಆಗಲ್ಲ. ಹಗಲು ಉದ್ದ ಇದೆ. ಕ್ಲೈವ್‌ಗೆ ಸಮುದ್ರ ತೋರಿಸಬೇಕು."